ಠಕ್ಕನ ಮಾತಿಗೆ ಕಿವಿಗೊಟ್ಟವನು: ಫಿಲಿಪ್ ಮೆಡೋಸ್ ಟೇಲರ್

ಮಾಂಡವಿ ನದಿಯ ಉತ್ತರ ದಂಡೆಯ ಗುಡ್ಡದ ಮೇಲೆ, ಪಣಜಿಗೆ ಎದುರಾಗಿ ಪರ್ವರಿ ಎಂಬ ಊರಿದೆ. ಇಂದು ಗೋವಾದ ವಿಧಾನಸಭೆ ಸೇರುವುದು ಅಲ್ಲಿಯೇ. 1986ರ ಏಪ್ರಿಲ್ 6ರಂದು ಆ ಊರಿನ ಓ ಕೊಕೇರೊ ಎಂಬ ಹೋಟೆಲಿನಲ್ಲಿ ಮುಂಬಯಿಯ ಪೊಲೀಸ್ ಅಧಿಕಾರಿ ಮಧುಕರ ಝೆಂಡೆ ಅವರು ಸಮವಸ್ತ್ರವಿಲ್ಲದೆ, ಸಾಮಾನ್ಯ ಗಿರಾಕಿಯಂತೆ ಕುಳಿತು ಒಬ್ಬನ ದಾರಿ ಕಾಯುತ್ತಿದ್ದರು. ಬಂದವನು ಚಾರ್ಲ್ಸ್ ಶೋಭರಾಜ್. ಮೂರು ವಾರಗಳ ಹಿಂದೆ ದಿಲ್ಲಿಯ ತಿಹಾರ್ ಸೆರೆಮನೆಯ ಕಾವಲುಗಾರರಿಗೆ ಮತ್ತು ಬೆರೆಸಿದ ಸಿಹಿ ಹಂಚಿ, ಅವರು ಒರಗಿದ ಮೇಲೆ ಬಾಗಿಲು ತೆರೆದು ಹೊರಗೆ ನಡೆದವನು. ಅದಕ್ಕೂ ಹಿಂದಿನ ದಶಕದಲ್ಲಿ ಏಷ್ಯಾದ ಪ್ರವಾಸಿಗಳ ಜಾಡಿನಲ್ಲಿ ಯುವಕ ಯುವತಿಯರ ಸ್ನೇಹ ಗಳಿಸಿ, ಅವರಿಗೆ ಔಷಧಿಯ ನೆಪದಲ್ಲಿ ವಿಷವುಣಿಸಿ, ಹಣವನ್ನೂ ಪಾಸ್‌ಪೋರ್ಟನ್ನೂ ದೋಚಿದನೆಂದು ಹೆಸರಾಗಿದ್ದವನು. ಮುಂದೆ ನೇಪಾಳದ ನ್ಯಾಯಾಲಯ ಕೊಲೆಯ ಅಪರಾಧಕ್ಕಾಗಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಝೆಂಡೆ ಅವರು ಅವನನ್ನು 1971ರಲ್ಲಿ ಒಮ್ಮೆ ಹಿಡಿದಿದ್ದರು. ಮುಖದ ಗುರುತಿತ್ತು. ಹಾಗಾಗಿ ಪರ್ವರಿಯ ಊಟದ ಮೇಜಿನ ಬಳಿ ಬೇಟೆಗಾರನೂ ಬೇಟೆಯೂ ಇಬ್ಬರೂ ವೇಷದಲ್ಲಿಯೇ ಸಂಧಿಸಿದರು.

ಪತ್ರಿಕೆಗಳು ಈ ಘಟನೆಯನ್ನು ಕಾದಂಬರಿಯಂತೆ ಬರೆದವು. ಸಿನಿಮಾಗಳೂ ಬಂದವು. ದಾರಿಹೋಕನ ಗೆಳೆಯನಾಗಿ ಅವನನ್ನೇ ಕೊಲ್ಲುವ ನಯವಂಚಕ, ಅವನ ಬೆನ್ನು ಹತ್ತಿದ ವೇಷಧಾರಿ ಅಧಿಕಾರಿ, ನಡುವೆ ಒಂದಿಷ್ಟು ಪ್ರೇಮ: ಈ ಎರಕದ ಕಥೆ ಇಪ್ಪತ್ತನೆಯ ಶತಮಾನದ್ದೆಂದು ನಾವು ಭಾವಿಸುವುದು ಸಹಜ. ಆದರೆ ಇಂಗ್ಲಿಷಿನಲ್ಲಿ ಆ ಎರಕವನ್ನು ಮೊದಲು ಹೊಯ್ದವರಲ್ಲಿ ಒಬ್ಬ, ಬದುಕಿನ ಬಹುಭಾಗವನ್ನು ದಖನ್ನಿನಲ್ಲಿ, ಅದರಲ್ಲೂ ಹನ್ನೆರಡು ವರ್ಷಗಳನ್ನು ಕನ್ನಡದ ಸುರಪುರದಲ್ಲಿ ಕಳೆದವನು. ಅವನೇ ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕುಸಿದುದರಿಂದ ಹುಡುಗನ ಓದು ಅರ್ಧಕ್ಕೆ ನಿಂತು, ಎಳವೆಯಲ್ಲಿಯೇ ಅವನು ಕಚೇರಿಯೊಂದರ ಗುಮಾಸ್ತಿಕೆಗೆ ಸೇರಬೇಕಾಯಿತು. ಅಷ್ಟರಲ್ಲಿ ಬ್ಯಾಕ್ಸ್ಟರ್ ಎಂಬ ಮುಂಬಯಿಯ ವರ್ತಕನೊಬ್ಬ ಆ ಕುಟುಂಬಕ್ಕೆ ಪರಿಚಯವಾದ. ಹುಡುಗನನ್ನು ತನ್ನೊಡನೆ ಕಳಿಸಿದರೆ ವಯಸ್ಸಿಗೆ ಬಂದ ಮೇಲೆ ಪಾಲುದಾರನನ್ನಾಗಿ ಮಾಡಿಕೊಳ್ಳುವೆನೆಂದು ಆಸೆ ಹುಟ್ಟಿಸಿದ. 1824ರ ಸೆಪ್ಟೆಂಬರಿನಲ್ಲಿ, ಹದಿನಾರು ತುಂಬುವ ಮೊದಲೇ, ಟೇಲರ್ ಮುಂಬಯಿಯಲ್ಲಿ ಇಳಿದ. ಕೋಠಿಯೆಂದು ಬಣ್ಣಿಸಿದ್ದು ಸಾಲದಲ್ಲಿ ಮುಳುಗಿದ ಅಂಗಡಿಯಾಗಿತ್ತು. ಪಾಲುದಾರಿಕೆಯ ಮಾತು ಗಾಳಿಗೆ ಹೋಯಿತು. ವಂಚಕರ ಬೆನ್ನು ಹತ್ತಿ ಹೆಸರಾದವನ ಭಾರತವಾಸ ತಾನೇ ಒಂದು ಸುಳ್ಳು ಭರವಸೆಗೆ ಸಿಕ್ಕಿ ಆರಂಭವಾದದ್ದನ್ನು ಮರೆಯುವಂತಿಲ್ಲ. ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನ್ಯೂನ್‌ಹಮ್ ಎಂಬ ಬಂಧುವಿನ ಕೃಪೆಯಿಂದ ಅವನಿಗೆ ನಿಜಾಮನ ಸೈನ್ಯದಲ್ಲಿ ಚಾಕರಿ ದೊರೆತು, ಔರಂಗಾಬಾದಿನ ದಾರಿ ಹಿಡಿದ.

ಇದರಿಂದ ಆದ ಒಂದು ಲಾಭ ಹೊರಗಿನವರಿಗೆ ಕೂಡಲೇ ಕಾಣದು. ಕಂಪನಿಯ ಸೈನ್ಯದಲ್ಲಿದ್ದವನಿಗೆ ದಂಡಿನ ಪ್ರದೇಶವೇ ಪ್ರಪಂಚ. ನಿಜಾಮನ ಚಾಕರಿಗೆ ಬಂದವನು ಹಳ್ಳಿಗಳ ನಡುವೆ ಬಾಳಬೇಕು, ಜಮೀನುದಾರನ ಚಾವಡಿಯಲ್ಲಿ ಕೂರಬೇಕು, ಅಲ್ಲಿನ ಮಾತಿನಲ್ಲಿಯೇ ವ್ಯವಹರಿಸಬೇಕು. ಟೇಲರ್ ಹಿಂದೂಸ್ತಾನಿಯನ್ನು ಬೇಗ ಕಲಿತ, ಮರಾಠಿಯನ್ನೂ ರೂಢಿಸಿಕೊಂಡ. ಭಾಷೆ ಬಂದುದರಿಂದಲೇ ಇನ್ನೂ ಇಪ್ಪತ್ತು ತುಂಬದ ಯುವಕನಿಗೆ ನಿಜಾಮ ಸೀಮೆಯ ನೈಋತ್ಯ ಭಾಗದ ಪೊಲೀಸ್ ಅಧಿಕಾರ ದೊರೆಯಿತು. ಕನ್ನಡ, ಮರಾಠಿ, ತೆಲುಗು ಮೂರೂ ಒಂದರೊಳಗೊಂದು ಸೇರಿಕೊಂಡ ನಾಡು ಅದು. ಕೈಕೆಳಗೆ ಕೆಲವು ಸವಾರರು, ಮುಂದೆ ಮುಗಿಯದ ದಾರಿ. ಹಿಟ್ಟಿನಲ್ಲಿ ಮರಳು ಬೆರೆಸಿ ಮಾರಿದ ವರ್ತಕರಿಗೆ ಆ ಹಿಟ್ಟನ್ನೇ ತಿನ್ನಿಸಲು ಹೊರಟ ಪ್ರಸಂಗವನ್ನು ಅವನು ತನ್ನ ಆತ್ಮಕಥೆಯಲ್ಲಿ ನಗುತ್ತ ನೆನೆದಿದ್ದಾನೆ. ಆದರೆ ಆ ದಾರಿಗಳಲ್ಲಿ ನಗೆಗೆ ನಿಲುಕದ ಸಂಗತಿಯೊಂದಿತ್ತು. ಹೊರಟ ಪ್ರಯಾಣಿಕರಲ್ಲಿ ಕೆಲವರು ಮುಟ್ಟಬೇಕಾದ ಊರನ್ನು ಮುಟ್ಟುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಹೆಣ ಸಿಕ್ಕುವುದು. ಗಾಯವಿಲ್ಲ, ಹೆಸರು ಹೇಳುವವರಿಲ್ಲ, ದೂರು ಕೊಡುವವರೂ ಇಲ್ಲ. ದೂರದವರಾದುದರಿಂದ ಮನೆಯವರಿಗೆ ಸಾವು ತಿಳಿಯುವಷ್ಟರಲ್ಲಿ ಮಳೆಗಾಲ ಕಳೆದಿರುತ್ತಿತ್ತು.

ಟೇಲರ್ ಈ ಎಳೆಯನ್ನು ಹಿಡಿದು ಎಳೆಯತೊಡಗಿದ್ದ. ಅಷ್ಟರಲ್ಲಿ, 1829ರಲ್ಲಿ, ಹೊಸ ನಿಜಾಮ ಪಟ್ಟಕ್ಕೆ ಬಂದು ಇಂಗ್ಲಿಷ್ ಅಧಿಕಾರಿಗಳ ನಾಗರಿಕ ಹುದ್ದೆಗಳು ಬೇಡವೆಂದ. ಟೇಲರ್ ಮರಳಿ ದಂಡಿಗೆ ಹೋಗಬೇಕಾಯಿತು. ಠಕ್ಕರ ಗುಟ್ಟನ್ನು ಲೋಕಕ್ಕೆ ತಿಳಿಸಿದವನೆಂಬ ಕೀರ್ತಿ ನರ್ಮದಾ ತೀರದ ವಿಲಿಯಂ ಸ್ಲೀಮನ್‌ನ ಪಾಲಾಯಿತು. ಇನ್ನಷ್ಟು ಕಾಲ ಆ ಹುದ್ದೆಯಲ್ಲಿರಲು ಬಿಟ್ಟಿದ್ದರೆ ಅದು ತನ್ನದಾಗುತ್ತಿತ್ತೆಂಬ ಕೊರಗು ಟೇಲರನನ್ನು ಮುಪ್ಪಿನವರೆಗೂ ಬಿಡಲಿಲ್ಲ.

ಠಕ್ಕ ಎಂಬ ಮಾತು ನಮಗೆ ಹೊಸದಲ್ಲ. ಮೋಸಗಾರನೆಂಬ ಅರ್ಥದಲ್ಲಿ ಕನ್ನಡದಲ್ಲಿ ಅದು ಬಹು ಹಿಂದಿನಿಂದ ಬಳಕೆಯಲ್ಲಿದೆ. ಸಂಸ್ಕೃತದಲ್ಲಿ ಮರೆಮಾಚುವುದನ್ನು ಸೂಚಿಸುವ ಸ್ಥಗ್ ಧಾತು ಅದರ ಮೂಲ. ಉತ್ತರದಲ್ಲಿ ಅದು ಠಗ್ ಆಯಿತು, ಇಂಗ್ಲಿಷಿಗೆ ಹೋಗಿ ಬರಿಯ ಪುಂಡನೆಂಬ ಅರ್ಥಕ್ಕೆ ಇಳಿಯಿತು. ಮೂಲದಲ್ಲಿ ಇದ್ದದ್ದು ಬಲವಲ್ಲ, ನಯ. ದಕ್ಷಿಣದಲ್ಲಿ ಇವರನ್ನು ಫಾಂಸಿಗಾರರೆನ್ನುತ್ತಿದ್ದರು, ಎಂದರೆ ಕುಣಿಕೆ ಹಾಕುವವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಹತ್ತಿರ ಸುಮಾರು ನೂರು ಜನ ಇಂಥವರು ಸಿಕ್ಕಿಬಿದ್ದರೂ ಅವರದು ಒಂದು ಕೂಟವೆಂಬ ಅನುಮಾನ ಆಗ ಯಾರಿಗೂ ಬರಲಿಲ್ಲ. 1816ರಲ್ಲಿ ಮದರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ ಫಾಂಸಿಗಾರರನ್ನು ಕುರಿತು ಲೇಖನ ಬರೆದ. ಸರಕಾರ ಕಣ್ಣು ತೆರೆಯಲು ಮತ್ತೆ ಹಲವು ವರ್ಷಗಳು ಬೇಕಾದವು.

ಭಾಷೆಯನ್ನು ಓದುವ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಸ್ಲೀಮನ್ 1836ರಲ್ಲಿ ರಮಾಸೀಯಾನಾ ಎಂಬ ಗ್ರಂಥವನ್ನು ಅಚ್ಚು ಹಾಕಿಸಿದ. ಅದು ಠಕ್ಕರ ಗುಪ್ತಭಾಷೆಯ ನಿಘಂಟು. ರಾಮಾಸಿ ಎಂಬುದು ಆ ನುಡಿಯ ಹೆಸರು. ಕೂಟದಲ್ಲಿ ಕೆಲಸಕ್ಕೊಬ್ಬನಿದ್ದ, ಅವನಿಗೊಂದು ಹೆಸರಿತ್ತು. ಕುತ್ತಿಗೆಗೆ ಬಟ್ಟೆ ಬಿಗಿಯುವವನು ಭುರ್ತೋತ್, ಗುಂಡಿ ತೋಡುವವನು ಲುಗಾಯಿ. ಇವರೆಲ್ಲರಿಗಿಂತ ಮುಂದೆ ನಡೆಯುವವನು ಸೋಠಾ. ಅವನಿಗೆ ಆಯುಧವಿಲ್ಲ. ಛತ್ರದಲ್ಲಿ ಇಳಿದ ಪ್ರಯಾಣಿಕನ ಬಳಿಗೆ ಹೋಗಿ ಯೋಗಕ್ಷೇಮ ವಿಚಾರಿಸುವುದು, ಮುಂದಿನ ದಾರಿಯಲ್ಲಿ ಕಳ್ಳರ ಭಯವಿದೆಯೆಂದು ಎಚ್ಚರಿಸುವುದು, ನಾವೂ ಆ ಕಡೆಗೇ ಹೊರಟವರೆಂದು ಜೊತೆಗೂಡುವುದು, ಇಷ್ಟೇ ಅವನ ಕೆಲಸ. ಕೆಲವು ದಿನ ಒಟ್ಟಿಗೆ ಉಂಡು, ಹಾಡು ಕಥೆ ಕೇಳಿ, ಒಂದು ಸಂಜೆ ತಂಬಾಕು ತರುವಂತೆ ಯಾರೋ ಹೇಳಿದರೆ ಅದೇ ಸಂಕೇತ. ದರೋಡೆಗಾರ ಭಯವನ್ನು ಬಂಡವಾಳ ಮಾಡಿಕೊಂಡರೆ ಸೋಠಾ ನಂಬಿಕೆಯನ್ನು ಬಂಡವಾಳ ಮಾಡಿಕೊಂಡ. ಪರ್ವರಿಯಲ್ಲಿ ಸೆರೆಸಿಕ್ಕವನ ಕಸುಬನ್ನು ಬಲ್ಲವರಿಗೆ ಸೋಠಾನ ಗುರುತು ಹತ್ತುವುದು ಕಷ್ಟವಲ್ಲ.

1830ರ ದಶಕದ ಆರಂಭದಲ್ಲಿ ಹಿಂಗೋಲಿಯ ದಂಡಿನಲ್ಲಿ ಟೇಲರನಿಗೆ ಈ ಲೋಕದ ಬಾಗಿಲು ಮತ್ತೆ ತೆರೆಯಿತು. ಸ್ಲೀಮನ್‌ನ ತಂತ್ರ ಸರಳವಾಗಿತ್ತು. ಸಿಕ್ಕಿಬಿದ್ದ ಠಕ್ಕನಿಗೆ ಪ್ರಾಣದಾನದ ಆಸೆ ತೋರಿಸಿ ಮಾಫಿಸಾಕ್ಷಿಯನ್ನಾಗಿ ಮಾಡುವುದು, ಸಿಪಾಯಿಗಳೊಂದಿಗೆ ಅವನನ್ನು ಊರೂರಿಗೆ ಕಳಿಸಿ ಹಳೆಯ ಜೊತೆಗಾರರನ್ನು ಗುರುತಿಸುವಂತೆ ಮಾಡುವುದು. ಠಕ್ಕನನ್ನು ಹಿಡಿಯಲು ಠಕ್ಕನನ್ನೇ ನೇಮಿಸಿದಂತೆ. ಅಂಥ ಸಾಕ್ಷಿಗಳು ಹಿಂಗೋಲಿಗೆ ಬಂದು ಬಾಯಿಬಿಟ್ಟಾಗ ಹೊರಬಿದ್ದ ಹೆಸರುಗಳಲ್ಲಿ ಒಂದು ಹರಿಸಿಂಗನದು. ಅವನು ಸದರಬಜಾರಿನ ಗೌರವಸ್ಥ ವರ್ತಕ. ದಂಡಿನ ಅಧಿಕಾರಿಗಳೆಲ್ಲ ಅವನ ಗಿರಾಕಿಗಳು, ಟೇಲರನೂ ಅವನೊಡನೆ ವ್ಯವಹಾರ ನಡೆಸಿದವನೇ. ಮುಂಬಯಿಯಿಂದ ಬಟ್ಟೆ ತರುವುದಿದೆಯೆಂದು ಹೇಳಿ ಹರಿಸಿಂಗ ಅಧಿಕಾರಿಯಿಂದ ರಹದಾರಿ ಪಡೆದಿದ್ದ. ಬಟ್ಟೆ ಮಾತ್ರ ಅವನದಾಗಿರಲಿಲ್ಲ. ಅದನ್ನು ತರುತ್ತಿದ್ದ ಬೇರೊಬ್ಬ ವರ್ತಕನನ್ನೂ ಅವನ ಆಳುಗಳನ್ನೂ ದಾರಿಯಲ್ಲಿ ಮುಗಿಸಿ, ಸರಕಾರದ ರಹದಾರಿಯನ್ನೇ ತೋರಿಸಿ ಮಾಲನ್ನು ಊರಿಗೆ ತಂದು, ದಂಡಿನ ನಡುವೆ ಬಹಿರಂಗವಾಗಿ ಮಾರಿದ. ಅದನ್ನು ಕೊಂಡವರು ಯಾರು, ತೊಟ್ಟವರು ಯಾರು ಎಂದು ಆಮೇಲೆ ಯೋಚಿಸಿದವರ ಮೈ ನಡುಗಿರಬೇಕು. ಕಾವಲುಠಾಣೆಗೆ ಕೂಗಳತೆಯ ದೂರದಲ್ಲಿಯೇ ಹೆಣಗಳನ್ನು ಹೂತದ್ದೂ ತಿಳಿದುಬಂತು.

ಟೇಲರನ ಬರೆಹಕ್ಕೆ ತಿರುವು ದೊರೆತದ್ದು ಇಲ್ಲಿ. ದಿನವೂ ಕುಳಿತು ಅವನು ಸೆರೆಯಾಳುಗಳ ಹೇಳಿಕೆಗಳನ್ನು ಬರೆದುಕೊಂಡ. ಹೇಳುವವರ ದನಿಯಲ್ಲಿ ಪಶ್ಚಾತ್ತಾಪವಿರಲಿಲ್ಲ. ನುರಿತ ಕುಶಲಕರ್ಮಿ ತನ್ನ ಕೆಲಸವನ್ನು ವಿವರಿಸುವಂತೆ ಅವರು ವಿವರಿಸಿದರು. ಅಮೀರ್ ಅಲಿ ಎಂಬವನು 719 ಕೊಲೆಗಳಲ್ಲಿ ತಾನಿದ್ದೆನೆಂದು ಹೇಳಿಕೊಂಡ. ನಡುವೆ ಹನ್ನೆರಡು ವರ್ಷ ಸೆರೆಯಲ್ಲಿ ಕಳೆಯದಿದ್ದರೆ ಲೆಕ್ಕ ಸಾವಿರ ಮುಟ್ಟುತ್ತಿತ್ತೆಂದು ಅವನಿಗೆ ಅನಿಸಿತ್ತು. ಈ ಅಮೀರ್ ಅಲಿಯ ಬಾಯಿಂದಲೇ ಹೇಳಿಸಿದ ಕಾದಂಬರಿ ಕನ್ಫೆಷನ್ಸ್ ಆಫ್ ಎ ಥಗ್. ಟೇಲರ್ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ, ಮೂರು ಸಂಪುಟಗಳಲ್ಲಿ ಅದು ಪ್ರಕಟವಾಯಿತು. ಆಗಷ್ಟೇ ಪಟ್ಟವೇರಿದ್ದ ವಿಕ್ಟೋರಿಯಾ ರಾಣಿ ಅಚ್ಚಿನ ಹಾಳೆಗಳನ್ನು ತಿದ್ದಿದಂತೆಲ್ಲ ತನಗೆ ಕಳಿಸಬೇಕೆಂದು ತರಿಸಿಕೊಂಡು ಓದಿದಳೆಂಬುದು ಆ ಪುಸ್ತಕದ ಖ್ಯಾತಿಗೆ ಸಾಕ್ಷಿ.

ಕಥೆಯ ಕಟ್ಟಡವನ್ನು ಸ್ವಲ್ಪ ನಿಂತು ನೋಡಬೇಕು. ಒಬ್ಬ ಸಾಹೇಬ ಕೇಳುತ್ತಾನೆ, ಸೆರೆಯಾಳು ಹೇಳುತ್ತಾನೆ. ಸಾಹೇಬನಿಗೆ ಮಾತು ಕಡಿಮೆ. ಅಮೀರ್ ಅಲಿ ಮಗುವಾಗಿದ್ದಾಗ ಠಕ್ಕರು ಅವನ ತಂದೆತಾಯಿಯನ್ನು ಕೊಂದರು. ಆ ಕೂಟದ ನಾಯಕನೇ ಅವನನ್ನು ಮಗನಂತೆ ಸಾಕಿದ. ಹುಡುಗ ಬೆಳೆದು, ತನ್ನ ಹೆತ್ತವರನ್ನು ನುಂಗಿದ ಕಸುಬನ್ನೇ ಕಲಿತು ಮೇಲಾದ. ಜೋರಾ ಎಂಬ ನರ್ತಕಿಯ ಮೇಲಿನ ಮೋಹ, ಅಜೀಮಾಳೊಂದಿಗಿನ ದಾಂಪತ್ಯ, ಎರಡೂ ಕಥೆಯಲ್ಲಿ ನಿಜವಾದ ಆರ್ದ್ರತೆಯಿಂದ ಬಂದಿವೆ. ಮನೆಯಲ್ಲಿ ಅವನು ಒಲುಮೆಯ ಗಂಡ, ಮಗಳ ಪ್ರೀತಿಯ ತಂದೆ. ಹೆಂಡತಿಯ ಕಣ್ಣಿಗೆ ಅವನೊಬ್ಬ ಊರೂರು ತಿರುಗುವ ವ್ಯಾಪಾರಿ ಮಾತ್ರ. ಗಂಡನ ನಿಜ ತಿಳಿದ ಗಳಿಗೆ ಅಜೀಮಾ ಬದುಕುಳಿಯುವುದಿಲ್ಲ. ಇನ್ನೊಂದು ಘಟ್ಟದಲ್ಲಿ ಅವನು ಕೊಂದ ಹೆಣ್ಣಿನ ಕೊರಳ ತಾಯಿತ ಅವಳು ತನ್ನ ಒಡಹುಟ್ಟಿದ ತಂಗಿಯೆಂದು ತಿಳಿಸುತ್ತದೆ. ಪ್ರೇಮವೂ ರೋಮಾಂಚವೂ ಕೂಡಿದ ಇಂದಿನ ಜನಪ್ರಿಯ ಕಥೆಗಳ ಬಹುಪಾಲು ಹಂದರ ಇಲ್ಲಿದೆ. ಒಂದೇ ವ್ಯತ್ಯಾಸ: ಇಂದಿನ ಕಥೆಗಳು ಬೆನ್ನಟ್ಟುವವನ ಕಣ್ಣಿನಿಂದ ಸಾಗುತ್ತವೆ. ಟೇಲರ್ ಬೆನ್ನಟ್ಟುವವನ ಬಾಯಿ ಕಟ್ಟಿ, ಕೊಲೆಗಾರನಿಗೆ ನಿರೂಪಣೆಯನ್ನು ಒಪ್ಪಿಸಿದ. ಓದುವವನು ಪುಟ ಕಳೆದಂತೆ ಅಮೀರ್ ಅಲಿಯ ಮಾತಿಗೆ ಒಲಿಯುತ್ತಾನೆ. ಒಲಿದೆನೆಂದು ಅರಿವಾದಾಗ, ಸೋಠಾನ ಮುಂದೆ ಕುಳಿತ ಪ್ರಯಾಣಿಕನ ಸ್ಥಿತಿ ಎಂಥದೆಂದು ಅವನಿಗೆ ಹೇಳಿಕೊಡಬೇಕಾಗಿಲ್ಲ.

ಈ ಪುಸ್ತಕವನ್ನು ಇತಿಹಾಸವೆಂದು ಓದುವುದು ತಪ್ಪು. ಮಾಫಿಸಾಕ್ಷಿಯ ಹೇಳಿಕೆ ಕತ್ತಿನ ಮೇಲೆ ಹಗ್ಗವಿಟ್ಟುಕೊಂಡು ಆಡಿದ ಮಾತು. ಕೇಳುವವನಿಗೆ ಏನು ಬೇಕೆಂಬುದನ್ನು ಅವನು ಬಲ್ಲ. ಬರದಿಂದ, ಯುದ್ಧದಿಂದ, ಕೆಲಸ ತಪ್ಪಿದ ಸಿಪಾಯಿಗಿರಿಯಿಂದ ದಾರಿಗೆ ಬಿದ್ದ ನಾನಾ ಬಗೆಯ ಜನರನ್ನು ಭವಾನಿಯ ಹೆಸರಿನಲ್ಲಿ ಕೊಲ್ಲುವ ಒಂದೇ ಪಂಥವೆಂದು ಕಂಪನಿ ಸರಕಾರ ಚಿತ್ರಿಸಿತೆಂದೂ ಆ ಚಿತ್ರ ಆಳ್ವಿಕೆಗೆ ಅನುಕೂಲವಾಗಿತ್ತೆಂದೂ ಈಚಿನ ಇತಿಹಾಸಕಾರರಲ್ಲಿ ಹಲವರ ವಾದ. 1836ರ ಕಾನೂನು ಠಕ್ಕರ ಕೂಟಕ್ಕೆ ಸೇರಿದ್ದನೆಂಬುದಷ್ಟೇ ಸಿದ್ಧವಾದರೂ ಜೀವಾವಧಿ ಸೆರೆ ವಿಧಿಸಬಹುದೆಂದಿತು. ಇಂಥ ಕೊಲೆ ಮಾಡಿದನೆಂದು ತೋರಿಸಬೇಕಾಗಿರಲಿಲ್ಲ. ಕೊಲೆಗಳು ನಡೆದದ್ದು ಸುಳ್ಳಲ್ಲ, ಅಗೆದ ಕಡೆ ಮೂಳೆಗಳು ದೊರೆತವು. ಆದರೆ ಆ ಮೂಳೆಗಳ ಮೇಲೆ ಕಟ್ಟಿದ ಕಥೆಯಲ್ಲಿ ಹೇಳಿದವನ ಪಾಲೆಷ್ಟು, ಬರೆದುಕೊಂಡವನ ಪಾಲೆಷ್ಟು ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. ಟೇಲರನ ಪುಣ್ಯವೆಂದರೆ ಅವನು ಬರೆದದ್ದು ವರದಿಯಲ್ಲ, ಕಾದಂಬರಿ.

ಅವನ ಸ್ವಂತ ಬದುಕಿನ ಪ್ರೇಮವೂ ಗಡಿ ದಾಟಿದ್ದೇ. 1832ರಲ್ಲಿ ಅವನು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು ಮದುವೆಯಾದ. ಪಾಮರ್‌ನ ತಾಯಿ ಫೈಜ್ ಬಕ್ಷ್ ಎಂಬ ಮುಸ್ಲಿಂ ಕುಲೀನೆ. ಒಂದು ಕಾಲಕ್ಕೆ ನಿಜಾಮನಿಗೇ ಸಾಲ ಕೊಡುತ್ತಿದ್ದ ಪಾಮರ್ ಕೋಠಿ ಆ ಹೊತ್ತಿಗೆ ಮುಳುಗಿಹೋಗಿತ್ತು. ಮಿಶ್ರ ಕುಲದ ಸೊಸೆಯನ್ನು ಕಂಪನಿಯ ಸಮಾಜ ಹಗುರವಾಗಿ ಕಾಣತೊಡಗಿದ್ದ ದಿನಗಳವು. ಮೇರಿ 1844ರಲ್ಲಿ ತೀರಿಕೊಂಡಳು. ಟೇಲರ್ ಮತ್ತೆ ಮದುವೆಯಾಗಲಿಲ್ಲ.

ಆ ವೇಳೆಗೆ ಅವನು ಸುರಪುರದಲ್ಲಿದ್ದ. ಕೃಷ್ಣೆ ಭೀಮೆಯರ ನಡುವಣ ಬೇಡ ನಾಯಕರ ಸಂಸ್ಥಾನ ಅದು. ಗುಡ್ಡಗಳ ನಡುವೆ ಕೋಟೆ, ಬಿಲ್ಲು ಬಂದೂಕು ಹಿಡಿದ ಹುರಿಯಾಳುಗಳ ಸೀಮೆ, ಔರಂಗಜೇಬನ ಸೈನ್ಯವನ್ನು ತಡೆದು ನಿಂತ ಕೀರ್ತಿ. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ ಚತುರೆ, ಛಲಗಾತಿ. ನಿಜಾಮನಿಗೆ ಸಲ್ಲಬೇಕಾದ ಕಾಣಿಕೆಯ ಬಾಕಿ ಲಕ್ಷಗಟ್ಟಲೆ ಬೆಳೆದಿತ್ತು. ಬಾಕಿ ವಸೂಲಿಯ ನೆಪದಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿ ಬಂದ ಟೇಲರ್ ಹನ್ನೆರಡು ವರ್ಷ ಅಲ್ಲಿಯೇ ನಿಂತ. ರಾಣಿಯೊಂದಿಗೆ ಅವನದು ನಿರಂತರ ಜಗ್ಗಾಟ. ಬಾಲಕನಿಗೆ ಮಾತ್ರ ಅವನು ಅಪ್ಪನಾದ. ಆತ್ಮಕಥೆಯ ಇಂಗ್ಲಿಷ್ ಪುಟಗಳಲ್ಲಿ ಅಪ್ಪಾ ಎಂಬ ಸಂಬೋಧನೆ ಕನ್ನಡದ ರೂಪದಲ್ಲಿಯೇ ಮತ್ತೆ ಮತ್ತೆ ಬರುತ್ತದೆ. ಅದನ್ನು ತರ್ಜುಮೆ ಮಾಡಲು ಅವನಿಗೆ ಮನಸ್ಸಾಗಲಿಲ್ಲವೆಂದು ತೋರುತ್ತದೆ.

ಸುರಪುರದ ಲೆಕ್ಕಪತ್ರಗಳನ್ನು ಅವನು ಹದಕ್ಕೆ ತಂದ. ದಾರಿಗಳನ್ನು ಮಾಡಿಸಿದ, ಬೋನಾಳದ ಕೆರೆಯನ್ನು ದುರಸ್ತಿ ಮಾಡಿಸಿದ. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ಅಲ್ಲಿದೆ. ರಾಜನಕೋಳೂರು, ಜೇವರ್ಗಿ ಮೊದಲಾದ ಕಡೆಗಳ ಬೃಹತ್ ಶಿಲಾ ಸಮಾಧಿಗಳನ್ನು ಅಳೆದು, ಅಗೆದು, ಅವುಗಳ ಮೇಲೆ ಲೇಖನ ಬರೆದ. ಕರ್ನಾಟಕದ ಪ್ರಾಗಿತಿಹಾಸದ ಅಧ್ಯಯನದಲ್ಲಿ ಅವನ ಹೆಸರು ಮೊದಲಲ್ಲೇ ಬರುತ್ತದೆ. ಇದೆಲ್ಲದರ ನಡುವೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದ.

1853ರಲ್ಲಿ ರಾಜ ಪ್ರಾಯಕ್ಕೆ ಬಂದುದರಿಂದ ಸಂಸ್ಥಾನವನ್ನು ಅವನಿಗೊಪ್ಪಿಸಿ ಟೇಲರ್ ನಳದುರ್ಗದ ಆಡಳಿತಕ್ಕೆ ಹೊರಟ. 1857ರ ಬಿರುಗಾಳಿ ಬೀಸಿದಾಗ ಅವನು ವರ್ಹಾಡದಲ್ಲಿದ್ದ. ಕೈಯಲ್ಲಿ ಸೈನ್ಯವಿಲ್ಲದೆ ಆ ದೊಡ್ಡ ಪ್ರಾಂತವನ್ನು ಶಾಂತವಾಗಿಟ್ಟನೆಂದು ಸರಕಾರ ಮೆಚ್ಚಿತು. ಸುರಪುರದಲ್ಲಿ ಆದದ್ದು ಬೇರೆ. ಉತ್ತರದ ದಂಗೆಯ ಸುದ್ದಿ ಗುಡ್ಡ ಹತ್ತಿತು. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕನ ಬೇಡ ಪಡೆ ಬ್ರಿಟಿಷ್ ದಂಡಿನ ಮೇಲೆ ಬಿದ್ದಿತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೈನ್ಯ ಬರುತ್ತಿದೆಯೆಂದು ತಿಳಿದು ರಾಜ ಹೈದರಾಬಾದಿಗೆ ಹೋದ. ಅಲ್ಲಿ ಸೆರೆಸಿಕ್ಕ.

ಟೇಲರನ ಬದುಕಿನಲ್ಲಿ ಇದಕ್ಕಿಂತ ಕಠಿಣವಾದ ಗಳಿಗೆ ಇನ್ನೊಂದಿಲ್ಲ. ಸುರಪುರದ ಆಡಳಿತಕ್ಕೆ ಮತ್ತೆ ನೇಮಕಗೊಂಡು ಹೋಗುವಾಗ ಅವನು ಸೆರೆಮನೆಯಲ್ಲಿ ರಾಜನನ್ನು ಕಂಡ. ಅವನನ್ನು ಅಲ್ಲಿಗೆ ಕಳಿಸುವಲ್ಲಿ ರೆಸಿಡೆಂಟನಿಗೆ ಒಂದು ಉದ್ದೇಶವಿತ್ತು. ದಂಗೆಗೆ ಪ್ರೇರೇಪಿಸಿದವರ ಹೆಸರುಗಳು ಬೇಕಾಗಿದ್ದವು. ಬೇರೆ ಯಾರಿಗೂ ಹೇಳದಿದ್ದವನು ಅಪ್ಪನಿಗೆ ಹೇಳಬಹುದೆಂಬ ಲೆಕ್ಕಾಚಾರ. ಹಿಂಗೋಲಿಯಲ್ಲಿ ಸೆರೆಯಾಳುಗಳ ಬಾಯಿ ಬಿಡಿಸಿ ಹೆಸರಾದವನು ಈಗ ಮಗನಂತೆ ಬೆಳೆಸಿದವನ ಮುಂದೆ ಅದೇ ಕೆಲಸಕ್ಕೆ ಕೂರಬೇಕಾಯಿತು. ಹುಡುಗ ಓಡಿ ಬಂದು ಅವನನ್ನು ತಬ್ಬಿಕೊಂಡ, ಅತ್ತ. ಹೆಸರು ಮಾತ್ರ ಹೇಳಲಿಲ್ಲ. ಜೊತೆಗಾರರನ್ನು ಹಿಡಿದುಕೊಟ್ಟು ಪ್ರಾಣ ಉಳಿಸಿಕೊಳ್ಳುವುದು ಬೇಡನ ಮಗನಿಗೆ ಸಲ್ಲದೆಂಬುದು ಅವನ ನಿಲುವು. ಸಾಯಿಸುವುದಾದರೆ ಕಳ್ಳನಂತೆ ನೇಣಿಗೆ ಹಾಕದೆ ಫಿರಂಗಿಯ ಬಾಯಿಗೆ ಕಟ್ಟಲಿ ಎಂದಷ್ಟೇ ಕೇಳಿಕೊಂಡ. ಹಿಂಗೋಲಿಯ ಠಕ್ಕರು ತಮ್ಮವರನ್ನು ಸಾಲಾಗಿ ತೋರಿಸಿ ಪ್ರಾಣ ಉಳಿಸಿಕೊಂಡರು, ಸುರಪುರದ ರಾಜ ಒಬ್ಬನನ್ನೂ ತೋರಿಸಲಿಲ್ಲ. ಟೇಲರ್ ಈ ಭೇಟಿಯನ್ನು ಮುಚ್ಚಿಡದೆ ಬರೆದಿದ್ದಾನೆ. ತಾನು ಯಾವ ಕೆಲಸಕ್ಕೆ ಬಳಕೆಯಾದೆನೆಂಬುದರ ಅರಿವು ಅವನಿಗಿರಲಿಲ್ಲವೆನ್ನಲಾಗದು.

ಮರಣದಂಡನೆಯನ್ನು ಮೊದಲು ಗಡೀಪಾರಿಗೆ, ಆಮೇಲೆ ಮದರಾಸು ಸೀಮೆಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಗೆ ಇಳಿಸಲಾಯಿತು. ನಡತೆ ಒಳ್ಳೆಯದಿದ್ದರೆ ಸಂಸ್ಥಾನ ಮರಳಿ ಸಿಗುವ ಸಾಧ್ಯತೆಯೂ ಇತ್ತು. ಆದರೆ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ವೆಂಕಟಪ್ಪ ನಾಯಕ ಸತ್ತ. ತಾನೇ ಹೊಡೆದುಕೊಂಡನೆಂದು ಸರಕಾರದ ವರದಿ. ಟೇಲರನೂ ಹಾಗೆಯೇ ಬರೆದ. ಕೊಂದರೆಂಬ ಮಾತು ಸುರಪುರದ ಸೀಮೆಯಲ್ಲಿ ಇಂದಿಗೂ ಇದೆ. ರಾಜ ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟಲಾರನೆಂದು ಜಾತಕ ಬರೆದ ಜೋಯಿಸ ಹೇಳಿದ್ದನ್ನು ಟೇಲರ್ ವರ್ಷಗಳ ಹಿಂದೆಯೇ ರಾಣಿಯ ಸಮ್ಮುಖದಲ್ಲಿ ಕೇಳಿದ್ದ, ನಂಬಿರಲಿಲ್ಲ. ಸಾವಿನ ಸುದ್ದಿ ಬಂದಾಗ ಅದು ನೆನಪಾದದ್ದನ್ನು ಅವನು ವ್ಯಾಖ್ಯಾನವಿಲ್ಲದೆ ದಾಖಲಿಸಿದ್ದಾನೆ. ಸಂಸ್ಥಾನ ಕೆಲಕಾಲದಲ್ಲಿ ನಿಜಾಮನ ಕೈಸೇರಿತು.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಭಾರತ ಬಿಟ್ಟ. ಐರ್ಲೆಂಡಿನ ಡಬ್ಲಿನ್ ನಗರದ ಹೊರವಲಯದಲ್ಲಿ ಕುಳಿತು ದಖನ್ನನ್ನು ಮತ್ತೆ ಬರೆಯತೊಡಗಿದ. 1863ರ ತಾರಾ, 1865ರ ರಾಲ್ಫ್ ಡಾರ್ನೆಲ್, 1872ರ ಸೀತಾ ಒಂದು ಮಾಲೆಯವು. 1657, 1757, 1857 ಎಂದು ನೂರು ನೂರು ವರ್ಷಗಳ ಅಂತರದಲ್ಲಿ ನಿಲ್ಲುವ ಕಥೆಗಳು. ಸೀತಾ ಕಾದಂಬರಿಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ದಂಗೆಯ ನೆನಪು ಹಸಿಯಾಗಿ, ಇಂಗ್ಲೆಂಡಿನ ಬರೆಹಗಾರರೆಲ್ಲ ಸೇಡಿನ ಕಥೆ ಬರೆಯುತ್ತಿದ್ದ ಹೊತ್ತಿನಲ್ಲಿ ಇದು ಸಣ್ಣ ಮಾತಲ್ಲ. ಆದರೆ ಕನ್ಫೆಷನ್ಸಿನ ಬಿಗಿ ಈ ಯಾವುದರಲ್ಲಿಯೂ ಇಲ್ಲವೆಂದು ಒಪ್ಪಬೇಕು. ಅವುಗಳಲ್ಲಿ ಟೇಲರ್ ತಾನೇ ಮಾತಾಡುತ್ತಾನೆ, ಅಮೀರ್ ಅಲಿಯಂತೆ ಮಾತಾಡುವವರು ಅವನಿಗೆ ಮತ್ತೆ ದೊರೆಯಲಿಲ್ಲ.

ದೃಷ್ಟಿ ಮಂದವಾಗುತ್ತ ಬಂದಿದ್ದರೂ, ಹೈದರಾಬಾದಿನ ದಿವಾನ ಸಾಲಾರ್ ಜಂಗನ ಆಹ್ವಾನದ ಮೇಲೆ 1875ರಲ್ಲಿ ಅವನು ಇನ್ನೊಮ್ಮೆ ಭಾರತಕ್ಕೆ ಬಂದ. ಮರಳಿ ಹೋಗುವ ದಾರಿಯಲ್ಲಿ ಫ್ರಾನ್ಸಿನ ಮಾಂತೋಂ ಎಂಬ ಕಡಲತೀರದ ಊರಿನಲ್ಲಿ, 1876ರ ಮೇ 13ರಂದು ತೀರಿಕೊಂಡ. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಸಂಪಾದಿಸಿ ಪ್ರಕಟಿಸಿದಳು. ಅವನ ಕೊನೆಯ ಕಾದಂಬರಿ ಅಚ್ಚಾದದ್ದು 1878ರಲ್ಲಿ. ಅದರ ನಾಯಕಿ ವಿಜಾಪುರದ ಚಾಂದಬೀಬಿ.